ಬೀಗರಿಬ್ಬರ ನೆಗಡಿ

ನೆಗಡಿ ಬಂದಾಗ ನನ್ನ ಹೆಸರು ನನಗೇ ಹೇಳಲು ಬರುವುದಿಲ್ಲ. ಮೊನ್ನೆ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಹಿಂದೆ ಹೊಸದಾಗಿ ಬಂದ ಹುಡುಗಿ ಹೆಸರು ಕೇಳಿದಳು. "ದಿರ್ಬಲಾ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗೆಲ್ಲ ಅಂದ್ಕೋಬಾರ್ದು ಮೇಡಂ, ಕೂತ್ಕೊಳ್ಳಿ, ನೀರು ಕೊಡ್ತೀನಿ" ಎಂದಳು. ನಾನು ದುರ್ಬಲೆಯಲ್ಲ, ನಿರ್ಮಲಾ ಎಂದು ಸಾಬೀತು ಮಾಡಲು ಪಾಸ್‌ಬುಕ್ಕನ್ನೇ ತೋರಿಸಬೇಕಾಯಿತು.

ಇದರಲ್ಲಿ ನನ್ನ ಮರ್ಯಾದೆಯ ಪ್ರಶ್ನೆಯೂ ಇದೆ. ನಾನು ಕಡೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಮಾಡುವವಳು. ನ, ಮ, ಣ ಮುಂತಾದ ಅಕ್ಷರಗಳು ಮೂಗಿನ ದಯೆಯಿಂದ ಹುಟ್ಟುವುದರಿಂದ ಅವಕ್ಕೆ ಅನುನಾಸಿಕ ಎಂದು ಹೆಸರು ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಸುಮ್ಮನೆ ಹೇಳಿದರೆ ಒಬ್ಬರಿಗೂ ತಲೆಗೆ ಹೋಗುವುದಿಲ್ಲ. ಮೂಗು ಕಟ್ಟಿದ ದಿನ ಹೇಳಿದರೆ ಹಿಂದಿನ ಬೆಂಚಿಗೂ ಅರ್ಥವಾಗುತ್ತದೆ. ಅಂದು 'ಮ' ಎಲ್ಲ 'ಬ', 'ನ' ಎಲ್ಲ 'ದ'. 'ಮನೆ' ಹೋಗಿ 'ಬದೆ' ಆಗುತ್ತದೆ. 'ಮಾವ' ಹೋಗಿ 'ಬಾವ' ಆಗುತ್ತಾರೆ. ಸಂಬಂಧಗಳೇ ಏರುಪೇರು.

ಸಂಬಂಧದ ಮಾತು ಬಂತಲ್ಲ, ಆದ್ದರಿಂದ ನಮ್ಮ ಅಪ್ಪಾಜಿ ಮತ್ತು ನಮ್ಮ ಮಾವನವರ ನೆಗಡಿಯ ವಿಷಯ ಹೇಳಿಬಿಡುತ್ತೇನೆ. ನೆಗಡಿಯನ್ನು ತಡೆಯಬೇಕೋ, ಹರಿಯಲು ಬಿಡಬೇಕೋ ಎನ್ನುವ ಪ್ರಶ್ನೆ ನಮ್ಮ ಮನೆಯಲ್ಲಿ ಎದ್ದಷ್ಟು ಜೋರಾಗಿ ಬೇರೆ ಯಾರ ಮನೆಯಲ್ಲಾದರೂ ಎದ್ದಿದೆಯೋ ಇಲ್ಲವೋ ನನಗೆ ತಿಳಿಯದು.

ಅಪ್ಪಾಜಿ, ಅಂದರೆ ರುದ್ರಪ್ಪನವರು, ತರೀಕೆರೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎನ್ನುವುದೇ ಅವರ ಉಸಿರು. ಮನೆಯಲ್ಲಿ ಯಾರಿಗಾದರೂ ನೆಗಡಿ ಬಂದರೆ, ಬೇರೆ ಡಿಪೋದ ಬಸ್ಸೊಂದು ಹೇಳದೆ ಕೇಳದೆ ಬಂದು ತಮ್ಮ ಪ್ಲಾಟ್‌ಫಾರ್ಮಿನಲ್ಲಿ ನಿಂತಂತೆ ಅವರಿಗೆ ಕಸಿವಿಸಿ. ಅಂಗಿಯ ಜೇಬಿನಲ್ಲಿ ಸೀಟಿಯ ಪಕ್ಕದಲ್ಲೇ ಒಂದು ಮಾತ್ರೆಯ ಪಟ್ಟಿ ಇರುತ್ತಿತ್ತು. ನಾನು ಒಂದು ಸೀನು ಸೀನಿದರೆ ಸಾಕು, "ಬಾಯಿ ತೆಗಿ" ಎನ್ನುತ್ತಿದ್ದರು. ಮಾತ್ರೆ ನುಂಗಿದರೆ ಮೂಗೇನೋ ನಲ್ಲಿ ತಿರುಗಿಸಿದಂತೆ ನಿಂತುಬಿಡುತ್ತಿತ್ತು. ಅದರ ಜೊತೆಗೆ ನಾನೂ ನಿಂತುಬಿಡುತ್ತಿದ್ದೆ. ತರಗತಿಯಲ್ಲಿ ಗಣಿತದ ಮೇಷ್ಟ್ರು ಲೆಕ್ಕ ಕೇಳುವಾಗ ನನ್ನ ತಲೆ ಡೆಸ್ಕಿನ ಮೇಲಿರುತ್ತಿತ್ತು. ಜಾಣೆ ಎಂದಾಗಲಿ ದಡ್ಡಿ ಎಂದಾಗಲಿ ಆ ಶಾಲೆಯಲ್ಲಿ ನನಗೆ ಹೆಸರಿರಲಿಲ್ಲ. ಮಲಗುವ ಹುಡುಗಿ ಎಂದೇ ಎಲ್ಲರೂ ಗುರುತಿಸುತ್ತಿದ್ದರು. ನೆಗಡಿ ಹೋದ ಮೇಲೆ ಅಪ್ಪಾಜಿ, "ನೋಡಿದ್ಯಾ, ಕಳಿಸಿಬಿಟ್ಟೆ" ಎನ್ನುತ್ತಿದ್ದರು, ಶಿವಮೊಗ್ಗದ ಬಸ್ಸನ್ನು ಕಳಿಸಿದ ದನಿಯಲ್ಲಿ.

ಇಂಥ ಮನೆಯಿಂದ ನಾನು ಸೊಸೆಯಾಗಿ ಸೇರಿದ್ದು ಅಜ್ಜಂಪುರಕ್ಕೆ. ಮಾವನವರು ಮಲ್ಲೇಶಪ್ಪ, ಈರುಳ್ಳಿ ಮಂಡಿ ಇಟ್ಟವರು, ಜೊತೆಗೆ ಕೆರೆಯ ಕೆಳಗೆ ಒಂದಿಷ್ಟು ಜಮೀನು. ದಿನವಿಡೀ ಈರುಳ್ಳಿಯ ನಡುವೆ ಕೂತವರಿಗೆ ಕಣ್ಣು ಮೂಗಿನಲ್ಲಿ ನೀರು ಸುರಿಯುವುದು ಒಂದು ವಿಷಯವೇ ಅಲ್ಲ. ನಾನು ಮದುವೆಯಾಗಿ ಹೋದ ಹೊಸತರಲ್ಲಿ ನೆಗಡಿ ಬಂದು ಮಾತ್ರೆ ಹುಡುಕುತ್ತಿದ್ದೆ. ಮಾವನವರು ಕರೆದು ಕೂರಿಸಿಕೊಂಡು ಹೇಳಿದರು.

"ನೋಡಮ್ಮ, ಕೆರೆ ತುಂಬಿದಾಗ ಕೋಡಿ ಬೀಳುತ್ತೆ. ಹೆಚ್ಚಾದ ನೀರು ಅಲ್ಲಿಂದ ಹರಿದು ಹೋಗ್ಬೇಕು. ಯಾವನಾದ್ರೂ ಜಾಣ ಕೋಡಿಗೆ ಕಲ್ಲು ಅಡ್ಡ ಇಟ್ಟ ಅಂದ್ಕೋ, ಏನಾಗುತ್ತೆ?"

"ಏರಿ ಒಡೆಯುತ್ತೆ" ಎಂದೆ.

"ಹಂಗೇ ಕಣಮ್ಮ ಮೂಗೂ. ಒಳಗಿನ ಕೆಟ್ಟದ್ದನ್ನ ದೇಹ ತಾನೇ ಹೊರಗೆ ಹಾಕ್ತಾ ಇರುತ್ತೆ. ನಾವು ಅಡ್ಡ ಹೋಗ್ಬಾರ್ದು."

ಹೀಗೆಂದು ಹೆಗಲ ಮೇಲಿದ್ದ ಟವೆಲ್ಲು ತೆಗೆದು ಕೊಟ್ಟರು. ಆ ಮನೆಯಲ್ಲಿ ಕರವಸ್ತ್ರ ಎನ್ನುವ ಪದಾರ್ಥವೇ ಇರಲಿಲ್ಲ. ನೆಗಡಿಗೆ ಟವೆಲ್ಲೇ ಅಳತೆ. ಆ ಸಲ ನಾನು ಕೋಡಿ ಬಿದ್ದಂತೆ ಸುರಿಸಿದೆ. ಮೂಗು ಅವರ ಮಂಡಿಯ ಈರುಳ್ಳಿಯ ಬಣ್ಣಕ್ಕೆ ತಿರುಗಿತು. ಹೊಸ ಸೊಸೆಯನ್ನು ನೋಡಲು ಬಂದ ಬೀದಿಯ ಹೆಂಗಸರು, ಪಾಪ ತವರು ನೆನೆದು ಅಳುತ್ತಿದೆ ಎಂದು ಸಮಾಧಾನ ಹೇಳಿ ಹೋದರು. ಕೊನೆಗೊಂದು ದಿನ ನೆಗಡಿ ತಾನಾಗಿಯೇ ಹೋಯಿತು. ಮಾವನವರು, "ನೋಡಿದ್ಯಾ, ತಾನೇ ಹೋಯ್ತು" ಎಂದರು. ಅಲ್ಲಿ ಅಪ್ಪಾಜಿ ಕಳಿಸಿದಾಗಲೂ, ಇಲ್ಲಿ ತಾನೇ ಹೋದಾಗಲೂ ನನಗೆ ಹಿಡಿದ ಕಾಲ ಹೆಚ್ಚು ಕಡಿಮೆ ಒಂದೇ. ಇದನ್ನು ಇಬ್ಬರಿಗೂ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಈ ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅದಕ್ಕೆ ಕಾರಣ ನೆಗಡಿಯಲ್ಲ, ಬಸ್ಸು.

ಮದುವೆ ನಡೆದದ್ದು ತರೀಕೆರೆಯ ಕಲ್ಯಾಣ ಮಂಟಪದಲ್ಲಿ. ಮುಗಿದ ಮೇಲೆ ಗಂಡಿನ ಕಡೆಯವರೆಲ್ಲ ನನ್ನನ್ನು ಕರೆದುಕೊಂಡು ಅಜ್ಜಂಪುರಕ್ಕೆ ಹೊರಡಬೇಕಿತ್ತು. ಬಸ್ಸು ಗೊತ್ತು ಮಾಡಿದವರು ಅಪ್ಪಾಜಿ. ಹೊರಡುವ ಹೊತ್ತನ್ನು ಬೆಳಿಗ್ಗೆಯಿಂದಲೇ ಎಲ್ಲರಿಗೂ ಹೇಳುತ್ತಾ ಬಂದಿದ್ದರು. ಸಮಯವಾಯಿತು. ಬಾಗಿಲಲ್ಲಿ ನಿಂತು ಸೀಟಿ ಊದಿ "ರೈಟ್" ಅಂದೇಬಿಟ್ಟರು. ಬಸ್ಸು ಹೊರಟಿತು. ಹುಡುಗನ ಅಪ್ಪ ಒಳಗೆ ಚಪ್ಪಲಿ ಹುಡುಕುತ್ತಿದ್ದರು. ಅವರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬರುವ ಹೊತ್ತಿಗೆ ಬಸ್ಸಿನ ಧೂಳೂ ಇಳಿದಿತ್ತು. ಬಸ್ಸಿನಲ್ಲಿದ್ದ ನಾವೆಲ್ಲ, ಮಾವನವರು ಹಿಂದೆ ಕಾರಿನಲ್ಲಿ ಬರುತ್ತಿದ್ದಾರೆ ಎಂದುಕೊಂಡಿದ್ದೆವು. ಅವರ ಫೋನು ಕೋಟಿನಲ್ಲಿ, ಕೋಟು ಬಸ್ಸಿನಲ್ಲಿ. ಕೊನೆಗೆ ಆ ಕಡೆ ಹೊರಟಿದ್ದ ಈರುಳ್ಳಿ ಲಾರಿಯೊಂದನ್ನು ಹತ್ತಿ ಅವರು ಊರು ಸೇರುವಾಗ ನಾನು ಹೊಸಿಲು ದಾಟಿ, ಮನೆ ತುಂಬಿಸಿಕೊಂಡು, ಹಾಲು ಹಣ್ಣು ತಿಂದೂ ಆಗಿತ್ತು. "ನನ್ನ ಸೊಸೆ ನನ್ನ ಹೊಸಿಲು ದಾಟಿದ್ದನ್ನ ನಾನೇ ನೋಡ್ಲಿಲ್ಲ" ಎಂದು ಅವರು ಅತ್ತೆಯ ಹತ್ತಿರ ಹೇಳಿದರಂತೆ.

ಅಲ್ಲಿಂದ ಮುಂದೆ ಹಬ್ಬ ಹುಣ್ಣಿಮೆಗಳಲ್ಲಿ ಬೀಗರಿಬ್ಬರೂ ಎದುರಾದರೆ ಮಾತೆಲ್ಲ ನನ್ನ ಮೂಲಕ. "ನಿಮ್ಮ ಮಾವನವರಿಗೆ ಹೇಳು, ಪಾಯಸ ಹಾಕಿಸ್ಕೊಳ್ಳೋಕೆ." "ನಿಮ್ಮ ಅಪ್ಪಾಜಿಗೆ ಹೇಳಮ್ಮ, ಸಾಕು ಅಂತ." ಇಬ್ಬರ ಎಲೆಗಳೂ ಪಕ್ಕಪಕ್ಕದಲ್ಲೇ ಇರುತ್ತಿದ್ದವು.

ಹೋದ ವರ್ಷ ನಾನೂ ನಮ್ಮ ಯಜಮಾನರೂ ಕಡೂರಿನಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆವು. ಯಜಮಾನರು ಮಂಜುನಾಥ, ಅದೇ ಊರಿನ ಇನ್ನೊಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಗೃಹಪ್ರವೇಶಕ್ಕೆ ಎರಡೂ ಕಡೆಯವರು ಬಂದರು. ಸರಿಯಾಗಿ ಆ ಹೊತ್ತಿಗೇ ನನಗೆ ನೆಗಡಿ ಬಂತು.

ಕೈಯಲ್ಲಿ ತುಂಬಿದ ಕೊಡ ಹಿಡಿದು ಬಲಗಾಲು ಎತ್ತಿ ಇನ್ನೇನು ಹೊಸಿಲು ದಾಟಬೇಕು, ಮೂಗಿನೊಳಗೆ ಕಚಗುಳಿ ಶುರುವಾಯಿತು. ಅಪ್ಪಾಜಿ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು, "ಮೇಲಿನ ತುಟಿ ಒತ್ತಿ ಹಿಡಿ, ನಿಲ್ಲುತ್ತೆ" ಎಂದರು. ಮಾವನವರು ಇನ್ನೊಂದು ಕಡೆಯಿಂದ, "ಸೀನನ್ನ ತಡೀಬಾರ್ದು ಕಣಮ್ಮ, ಬಿಟ್ಬಿಡು" ಎಂದರು. ಕೈಯಲ್ಲಿ ಕೊಡವಿದ್ದಾಗ ತುಟಿ ಒತ್ತುವುದಾದರೂ ಹೇಗೆ? ಸೀನಿದೆ. ಒಂದೇ ಒಂದು ಸೀನು.

ಒಂಟಿ ಸೀನು ಅಪಶಕುನ ಎನ್ನುವುದು ನಿಮಗೂ ಗೊತ್ತಿರುತ್ತದೆ. ಎರಡಾದರೆ ದೋಷವಿಲ್ಲ. ಎಲ್ಲರೂ ಎರಡನೆಯದಕ್ಕೆ ಕಾದರು. ಎತ್ತಿದ ಬಲಗಾಲನ್ನು ಇಳಿಸುವಂತಿಲ್ಲ, ಒಳಗೆ ಇಡುವಂತಿಲ್ಲ. ನೆಂಟರೆಲ್ಲ ನನ್ನ ಮೂಗನ್ನೇ ನೋಡುತ್ತಿದ್ದರು. ಪೂಜೆಗೆ ಬಂದ ಅಯ್ನೋರು ಗಡಿಯಾರ ನೋಡುತ್ತಾ, "ತಾಯಿ, ಇನ್ನೊಂದು ಸೀನಿಬಿಡಿ, ಮುಹೂರ್ತ ಮೀರುತ್ತೆ" ಎಂದು ಬೇಡಿಕೊಂಡರು. ಬೇಡಿದಾಗ ಬರುತ್ತದೆಯೇ? ಪುಣ್ಯಕ್ಕೆ ಪಕ್ಕದ ಮನೆಯಾಕೆ ಆ ಗಳಿಗೆಯಲ್ಲೇ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರು. ಆ ಘಾಟಿಗೆ ನಾನು ಸೀನಿದೆ, ಯಜಮಾನರು ಸೀನಿದರು, ಅಮ್ಮ, ಅತ್ತೆ, ಕೊನೆಗೆ ಅಯ್ನೋರೂ ಸೀನಿದರು. ಲೆಕ್ಕ ಇಡಲು ಯಾರಿಗೂ ಸಾಧ್ಯವಾಗಲಿಲ್ಲ. "ಸರಿಸಂಖ್ಯೆ ಆಯ್ತು, ನಡೀರಿ" ಎಂದು ಅಯ್ನೋರು ಮೂಗೊರೆಸಿಕೊಂಡು ತೀರ್ಪು ಕೊಟ್ಟರು.

ಮಾರನೆಯ ದಿನ ನೆಂಟರೆಲ್ಲ ಹೋದರು. ಅಮ್ಮ ತರೀಕೆರೆಗೆ, ಅತ್ತೆ ಅಜ್ಜಂಪುರಕ್ಕೆ ಹೊರಟರು. ಬೀಗರಿಬ್ಬರೂ ಹೊರಡುವವರೇ. ಆದರೆ ಬೆಳಿಗ್ಗೆ ಎದ್ದಾಗ ಅಪ್ಪಾಜಿಯ ಕಣ್ಣು ಕೆಂಪಗಿತ್ತು, ಮಾವನವರ ಟವೆಲ್ಲು ಒದ್ದೆಯಾಗಿತ್ತು. ನನ್ನ ನೆಗಡಿಯನ್ನು ಇಬ್ಬರಿಗೂ ಸಮನಾಗಿ ಹಂಚಿದ್ದೆ.

"ಈ ಸ್ಥಿತಿಯಲ್ಲಿ ಬಸ್ಸು ಹತ್ತಬೇಡಿ, ವಾಸಿಯಾದ ಮೇಲೆ ಹೋಗುವಿರಂತೆ" ಎಂದು ಯಜಮಾನರು ಹೇಳಿದರು. ಇರುವುದು ಒಂದೇ ಹೆಚ್ಚಿನ ಕೋಣೆ, ಅದರಲ್ಲಿ ಇಬ್ಬರಿಗೂ ಹಾಸಿಗೆ ಹಾಕಿಸಿದರು. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ಒಂದೇ ನೆಗಡಿ, ಒಂದೇ ಕೋಣೆ, ಒಂದೇ ಅಡಿಗೆ. ಒಬ್ಬರು ಮಾತ್ರೆ ನುಂಗಲಿ, ಒಬ್ಬರು ಹರಿಯೋಕೆ ಬಿಡಲಿ. ಯಾರದ್ದು ಮೊದಲು ವಾಸಿಯಾಗುತ್ತೋ ನೋಡೇಬಿಡೋಣ. ಇಂಥ ಪ್ರಯೋಗ ಬಯಸಿದ್ರೂ ಸಿಗಲ್ಲ."

ಬೀಗರಿಬ್ಬರ ಮುಖದಲ್ಲೂ ಕಳೆ ಬಂತು. ಅಪ್ಪಾಜಿ ಜೇಬು ಮುಟ್ಟಿ ನೋಡಿಕೊಂಡರು. ಮಾವನವರು ಒಣಗಿದ ಟವೆಲ್ಲು ಕೇಳಿದರು.

ಪಂದ್ಯ ಶುರುವಾಯಿತು. ಅಪ್ಪಾಜಿ ಮಾತ್ರೆ ನುಂಗಿ, ಮೂಗಿಗೆ ಹನಿ ಬಿಟ್ಟುಕೊಂಡು, ಎದೆಗೆ ಹಣೆಗೆ ಮುಲಾಮು ಹಚ್ಚಿ, ಕಿವಿಗೆ ಹತ್ತಿ ತುರುಕಿ, ಮಂಕಿ ಟೋಪಿ ಏರಿಸಿ ಮಲಗಿದರು. ಮಾವನವರು ಎದ್ದು ಕೂತು ಸೀನಿದರು, ಸುರಿಸಿದರು, ಕೆಮ್ಮಿದರು. ಒಂದೊಂದು ಸೀನಿಗೂ ಹೊಸ ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಒಬ್ಬರಿಗೆ ಕಿಟಕಿ ಮುಚ್ಚಿರಬೇಕು, ಇನ್ನೊಬ್ಬರಿಗೆ ತೆರೆದಿರಬೇಕು. ಹಳೆಯ ಕ್ರಮದಂತೆ ಎಲ್ಲಕ್ಕೂ ನಾನೇ ಬೇಕು.

"ದಿರ್ಬಲಾ, ದಿಬ್ಬ ಬಾವದವರಿಗೆ ಹೇಳು, ಕಿಟಕಿ ಬುಚ್ಚೋಕೆ."

"ದಿರ್ಬಲಬ್ಬ, ದಿಬ್ಬ ಅಪ್ಪಾಜಿಗೆ ಹೇಳು, ಗಾಳಿ ಆಡ್ಬೇಕು."

ನನ್ನ ಮೂಗೂ ಇನ್ನೂ ಕಟ್ಟಿಕೊಂಡೇ ಇತ್ತು. ಮೂವರು ಒಂದೇ ಕೋಣೆಯಲ್ಲಿ ಹೀಗೆ ಮಾತಾಡುತ್ತಿದ್ದರೆ ಹೊರಗೆ ನಿಂತು ಕೇಳಿದವರಿಗೆ ಯಾವ ಭಾಷೆಯೆಂದು ತಿಳಿಯುತ್ತಿರಲಿಲ್ಲ. ಹಾಲು ತಂದ ಹೆಂಗಸು, "ನೆಂಟ್ರು ದೂರದೋರಾ ಅಕ್ಕ?" ಎಂದು ಕೇಳಿದಳು.

ಅಪ್ಪಾಜಿಯ ಮೂಗು ಬೇಗ ನಿಂತಿತು. ಅವರು ಗೆದ್ದವರಂತೆ ನಕ್ಕರು. ಆದರೆ ನಿಂತದ್ದು ಮೂಗು ಮಾತ್ರ. ಊಟಕ್ಕೆ ಕೂತಲ್ಲೇ ತೂಕಡಿಸುತ್ತಿದ್ದರು. ಮಾತ್ರೆಯ ಮದ ಇಳಿದರೆ ಮತ್ತೆ ಸೋರುತ್ತಿತ್ತು, ಮತ್ತೆ ಒಂದು ನುಂಗುತ್ತಿದ್ದರು. ಮಾವನವರದು ಇನ್ನೊಂದು ಬಗೆ. ನೆಗಡಿಗೆ ಉಪವಾಸ ಒಳ್ಳೆಯದು ಎಂದು ಸರಿಯಾಗಿ ಉಣ್ಣುತ್ತಲೂ ಇರಲಿಲ್ಲ, ನೀರು ಕುಡಿಯುತ್ತಲೂ ಇರಲಿಲ್ಲ. ಗಲ್ಲ ಒಳಕ್ಕೆ ಹೋಗಿತ್ತು. ಇಬ್ಬರೂ ಪರಸ್ಪರ ಕಳ್ಳನೋಟದಲ್ಲಿ ನೋಡಿಕೊಂಡು ಇನ್ನಷ್ಟು ಹಟಕ್ಕೆ ಬೀಳುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಯಜಮಾನರು ಶಾಲೆಗೆ ಹೋದ ಮೇಲೆ ನಾನು ರಜೆ ಹಾಕಿ ಅಡಿಗೆ ಮನೆಯಲ್ಲಿದ್ದೆ. ಅಪ್ಪಾಜಿ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಏನೋ ಬಿದ್ದ ಸದ್ದಾಯಿತು. ಓಡಿ ಬಂದೆ. ಬಿದ್ದದ್ದು ಕುರ್ಚಿ. ಎದ್ದು ನಿಂತವರಿಗೆ ತಲೆ ಸುತ್ತಿದೆ, ಬೀಳುವಷ್ಟರಲ್ಲಿ ಮಾವನವರು ಹಿಂದಿನಿಂದ ತೋಳು ಹಾಕಿ ಹಿಡಿದುಬಿಟ್ಟಿದ್ದಾರೆ. ಅಪ್ಪಾಜಿಯ ಅರ್ಧ ಮುಖದಲ್ಲಿ ನೊರೆ. ಮಾವನವರ ಮುಖ ಬಿಳಿಚಿಕೊಂಡಿತ್ತು.

"ಬೀಗರೇ, ಕೂತ್ಕೊಳ್ಳಿ. ನನ್ನ ಮೇಲೆ ಭಾರ ಬಿಡಿ. ಏನಾಗಲ್ಲ, ನಾನಿದೀನಿ" ಎನ್ನುತ್ತಿದ್ದರು.

ಮದುವೆಯಾದ ಮೇಲೆ ಅವರು ಅಪ್ಪಾಜಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಆ ಗಾಬರಿಯಲ್ಲಿ ಅದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆದಿರಲಾರದು.

ನಾನು ಬೀದಿಗೆ ಓಡಿ ಆಟೋ ನಿಲ್ಲಿಸಿದೆ. ಮಾವನವರೇ ಅಪ್ಪಾಜಿಯನ್ನು ನಡೆಸಿಕೊಂಡು ಬಂದು ಒಳಗೆ ಕೂರಿಸಿದರು. ಪಕ್ಕದಲ್ಲಿ ನಾನು ಕೂತೆ. ಆಮೇಲೆ ಮಾವನವರು ತಮ್ಮ ಬರಿಗಾಲು ನೋಡಿಕೊಂಡು ಚಪ್ಪಲಿಗೆಂದು ಒಳಗೆ ಓಡಿದರು. ಹೊಸ ಮನೆ, ಯಾವುದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲ. ಚಪ್ಪಲಿ ಸಿಗುತ್ತಿಲ್ಲ. ಆಟೋದವನು ಗಾಡಿ ಶುರು ಮಾಡಿ, "ಹೋಗೋಣ್ವಾ ಅಕ್ಕ, ಯಜಮಾನ್ರಿಗೆ ಸುಸ್ತಾಗೈತೆ" ಎಂದ. ನಾನು "ಹೂಂ" ಎನ್ನುವಷ್ಟರಲ್ಲಿ ಅಪ್ಪಾಜಿ ಕಣ್ಣು ಮುಚ್ಚಿಕೊಂಡೇ ಕೈ ಅಡ್ಡ ಹಿಡಿದರು.

"ಇರಪ್ಪ. ನಮ್ಮ ಬೀಗರು ಬರಬೇಕು."

"ತಡ ಆಗುತ್ತೆ ಅಪ್ಪಾಜಿ" ಎಂದೆ.

"ಆಗ್ಲಿ ಬಿಡು."

ತರೀಕೆರೆ ನಿಲ್ದಾಣದಲ್ಲಿ ಯಾರಿಗಾಗಿಯೂ ಒಂದು ಗಳಿಗೆ ಬಸ್ಸು ನಿಲ್ಲಿಸದ ಮನುಷ್ಯ ಆ ಸ್ಥಿತಿಯಲ್ಲಿ, ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ಆಟೋ ನಿಲ್ಲಿಸಿಕೊಂಡು ಕೂತರು. ಮಾವನವರು ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನಮ್ಮ ಯಜಮಾನರ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದರು. ಆಟೋ ನಿಂತೇ ಇದ್ದದ್ದನ್ನು ಕಂಡು ಮೆಟ್ಟಿಲ ಮೇಲೆ ಒಂದು ಕ್ಷಣ ಅವರೂ ನಿಂತರು. ಬಂದು ಡ್ರೈವರ್ ಪಕ್ಕದಲ್ಲಿ ಒತ್ತಿಕೊಂಡು ಕೂತರು.

ನಮ್ಮ ಬಡಾವಣೆಯ ಕೊನೆಯಲ್ಲಿ ಕ್ಲಿನಿಕ್ ಇಟ್ಟಿರುವ ಡಾಕ್ಟರಮ್ಮ ಅಪ್ಪಾಜಿಯ ಬಿ.ಪಿ. ನೋಡಿದರು. ಏರಿತ್ತು. ನುಂಗಿದ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂಗು ಕಟ್ಟಿದ್ದನ್ನ ಬಿಡಿಸೋ ಔಷಧಿ ಇದರಲ್ಲಿ ಸೇರಿದೆ. ಬಿ.ಪಿ. ಇರೋರು ಕೇಳದೆ ತಗೋಬಾರ್ದು. ಅದೂ ಮನಸ್ಸು ಬಂದಾಗೆಲ್ಲ" ಎಂದು ಗದರಿದರು.

ಮಾವನವರು ಮುಂದೆ ಬಾಗಿ, "ನಾನೂ ಅದನ್ನೇ ಹೇಳೋದು ತಾಯಿ. ದೇಹ ತಾನಾಗಿ ವಾಸಿ ಮಾಡ್ಕೊಳ್ಳೋವಾಗ ಅಡ್ಡ ಹೋಗ್ಬಾರ್ದು, ಅಲ್ವಾ?" ಎಂದರು. ದನಿಯಲ್ಲಿ ಗೆಲುವಿರಲಿಲ್ಲ, ಭಯವಿತ್ತು.

ಡಾಕ್ಟರಮ್ಮ ಅವರತ್ತ ತಿರುಗಿದರು. "ಅರ್ಧ ಸರಿ. ಸೀನು, ಕೆಮ್ಮು, ಸಣ್ಣಗೆ ಜ್ವರ, ಎಲ್ಲ ದೇಹ ಮಾಡ್ತಿರೋ ಕೆಲಸವೇ. ಆದ್ರೆ ಮಾತ್ರೆ ನುಂಗಿದ ತಕ್ಷಣ ದೇಹ ಕೆಲಸ ಬಿಟ್ಟು ಕೂತ್ಕೊಳ್ಳಲ್ಲ. ಒಳಗಿಂದು ಒಳಗೆ ನಡೀತಾನೇ ಇರುತ್ತೆ. ಮಾತ್ರೆ ವಾಸಿ ಮಾಡೋದೂ ಇಲ್ಲ, ಸರಿಯಾಗಿ ತಗೊಂಡ್ರೆ ಹೆಚ್ಚಿನಂಶ ಕೆಡಿಸೋದೂ ಇಲ್ಲ. ನಿದ್ದೆ ಬರ್ದೇ ಇದ್ರೆ ಒಂದಿಷ್ಟು ನೆಮ್ಮದಿ, ಅಷ್ಟೇ. ನೀವು ಯಾಕೆ ಇಷ್ಟು ಬಾಡಿ ಹೋಗಿದೀರಿ? ಊಟ ಮಾಡ್ತಿಲ್ವಾ?"

ಮಾವನವರು ಉಪವಾಸದ ವಿಷಯ ಹೇಳಿದರು.

"ಹರಿಯೋಕೆ ಬಿಡ್ತೀನಿ ಅಂತೀರಿ, ನೀರೇ ಕುಡೀದಿದ್ರೆ ಹರಿಯೋದೇನು?" ಎಂದು ಅವರಿಗೂ ಒಂದಿಷ್ಟು ಬಿತ್ತು. ಇಬ್ಬರಿಗೂ ಒಂದೇ ಚೀಟಿ. ಬಿಸಿ ಸಾರು, ಬಿಸಿನೀರಿನ ಹಬೆ, ಉಪ್ಪು ನೀರಿನಲ್ಲಿ ಗಂಟಲು ಮುಕ್ಕಳಿಸುವುದು, ವಿಶ್ರಾಂತಿ. ಅಪ್ಪಾಜಿಗೆ ಮಾತ್ರ ಅವರ ಮಾಮೂಲಿ ಬಿ.ಪಿ. ಮಾತ್ರೆ ತಪ್ಪದೆ ನುಂಗಲು ತಾಕೀತು.

ಸಂಜೆ ಸುದ್ದಿ ಕೇಳಿದ ಯಜಮಾನರು, ಎರಡು ಪ್ರನಾಳದ ದ್ರಾವಣಗಳೂ ಒಂದಕ್ಕೊಂದು ಬೆರೆತುಹೋದಂತೆ ಪೆಚ್ಚಾದರು. "ನಿಮ್ಮಪ್ಪಾಜಿ ಹುಷಾರಾದ್ರಲ್ಲ, ಅಷ್ಟು ಸಾಕು" ಎಂದೂ ಹೇಳಿದರು ಅನ್ನಿ.

ಅಂದು ಮಧ್ಯಾಹ್ನದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಒಂದೇ ಪಾತ್ರೆಯ ಹಬೆ, ಒಂದೇ ಕಂಬಳಿ, ಒಳಗೆ ಇಬ್ಬರ ತಲೆ. ನಾನು ಬಾಗಿಲಾಚೆ ಹುರಳಿ ಆರಿಸುತ್ತಿದ್ದೆ. ಅವರಿಬ್ಬರ ಮೂಗಿನ ಭಾಷೆಯನ್ನು ನಿಮಗೆ ತಿಳಿಯುವಂತೆ ಬಿಡಿಸಿ ಬರೆಯುತ್ತೇನೆ.

"ಬೀಗರೇ" ಎಂದರು ಮಾವನವರು ಕಂಬಳಿಯೊಳಗಿಂದ, "ಇವತ್ತು ನಿಲ್ಲಿಸಿದಷ್ಟೇ ಹೊತ್ತು ಅವತ್ತೂ ನಿಲ್ಲಿಸಿದ್ರೆ ಆಗ್ತಿತ್ತಲ್ರೀ."

ಅಪ್ಪಾಜಿ ಜೋರಾಗಿ ಒಮ್ಮೆ ಹಬೆ ಎಳೆದುಕೊಂಡರು.

"ಅವತ್ತು ಆಗ್ತಿರ್ಲಿಲ್ಲ ಬೀಗರೇ. ಕಿಟಕಿ ಪಕ್ಕ ಮಗಳು ಕೂತಿದ್ಲು. ನನ್ನೇ ನೋಡ್ತಿದ್ಲು. ಬಸ್ಸು ಇನ್ನೊಂದು ಗಳಿಗೆ ನಿಂತಿದ್ರೆ ನಾನು ಎಲ್ಲಾರ ಎದುರಿಗೆ ಅತ್ತುಬಿಡ್ತಿದ್ದೆ. ಅದಕ್ಕೆ ಸೀಟಿ ಊದಿಬಿಟ್ಟೆ. ನೀವು ಹತ್ತಿಲ್ಲ ಅಂತ ನಂಗೆ ಗೊತ್ತಾಗಿದ್ದು ಬಸ್ಸು ತಿರುವು ದಾಟಿದ ಮೇಲೆ."

"ಅಳ್ಬೇಕಾಗಿತ್ತು. ಅದನ್ಯಾಕೆ ತಡೆದ್ರಿ? ಅದೂ ಒಳ್ಳೇದಲ್ಲ."

"ಗಂಡಿನ ಕಡೆಯೋರ ಎದುರಿಗಾ?"

"ಗಂಡಿನ ಕಡೆಯೋನು ಒಳಗೆ ಚಪ್ಪಲಿ ಹುಡುಕ್ತಿದ್ನಲ್ಲ" ಎಂದರು ಮಾವನವರು.

ಕಂಬಳಿ ಅಲುಗತೊಡಗಿತು. ಮೊದಲು ಕೆಮ್ಮು ಎಂದುಕೊಂಡೆ. ಆಮೇಲೆ ತಿಳಿಯಿತು, ಇಬ್ಬರೂ ನಗುತ್ತಿದ್ದರು. ಕಂಬಳಿ ತೆಗೆದಾಗ ಇಬ್ಬರ ಕಣ್ಣಲ್ಲೂ ನೀರು. ಹಬೆಯದೋ, ನೆಗಡಿಯದೋ, ನಗುವಿನದೋ ನಾನು ವಿಚಾರಿಸಲು ಹೋಗಲಿಲ್ಲ. ನನ್ನ ಕಣ್ಣನ್ನೂ ಒರೆಸಿಕೊಳ್ಳಬೇಕಾಗಿತ್ತು, ಹುರಳಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತಿನ ಕೋಡಿ ಬಿತ್ತು. ಇಷ್ಟು ವರ್ಷ ಒಳಗೇ ಇಟ್ಟುಕೊಂಡದ್ದೆಲ್ಲ ಬಾಕಿಯಿತ್ತಲ್ಲ. ಅಪ್ಪಾಜಿ ಬ್ರೇಕ್ ಹೋದ ಬಸ್ಸುಗಳ ಕತೆ ಹೇಳುವುದು, ಮಾವನವರು ಕೊಳೆತ ಈರುಳ್ಳಿಯನ್ನು ಮೂಸಿಯೇ ಕಂಡುಹಿಡಿದ ಕತೆ ಹೇಳುವುದು. ವರಾಂಡದ ಹೊಸ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಹಾಕುವುದು. ಸಂಜೆ ಇಬ್ಬರೂ ಮಫ್ಲರ್ ಸುತ್ತಿಕೊಂಡು ರೈಲ್ವೆ ಸ್ಟೇಷನ್ನಿಗೆ ಹೋಗುತ್ತಿದ್ದರು, ಯಾವ ರೈಲು ಎಷ್ಟು ತಡವಾಗಿ ಬಂತು ಎಂದು ನೋಡಿ ಸಂತೋಷಪಡಲು.

ನನ್ನ ನೆಗಡಿ ಹೋಯಿತು. ಅವರದೂ ಹೋಗಬೇಕಿತ್ತು. ಆದರೆ ನಾನು ಕೋಣೆಯ ಹತ್ತಿರ ಹೋದಾಗಲೆಲ್ಲ ಒಳಗಿನಿಂದ ಸೀನು ಕೇಳುತ್ತಿತ್ತು. ಅಮ್ಮ ತರೀಕೆರೆಯಿಂದ ಫೋನು ಮಾಡಿ, "ಇನ್ನೂ ವಾಸಿ ಆಗಿಲ್ವಾ ಅದು? ಎಂಥ ನೆಗಡಿನೇ ನಿಮ್ಮ ಊರಿಂದು?" ಎಂದು ಕೇಳಿದರು. ಅತ್ತೆಯೂ ಅಜ್ಜಂಪುರದಿಂದ ಅದನ್ನೇ ಕೇಳಿದರು. ನನಗೂ ಯೋಚನೆಗೆ ಇಟ್ಟುಕೊಂಡಿತು.

ಒಂದು ದಿನ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಚಪ್ಪಲಿಯಿಲ್ಲದ್ದರಿಂದ ಹೆಜ್ಜೆಯ ಸದ್ದಾಗಿರಲಿಲ್ಲ. ಒಳಗಿನಿಂದ, "ನಮ್ಮ ಮಂಡಿಗೆ ನೀವೊಮ್ಮೆ ಬರಲೇಬೇಕು" ಎಂದು ಮಾವನವರ ದನಿ, ಗಂಟೆ ಹೊಡೆದಷ್ಟು ಸ್ಪಷ್ಟ. ನಾನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಅವರು ಟವೆಲ್ಲು ಎಳೆದು ಮೂಗಿಗೆ ಹಿಡಿದುಕೊಂಡರು.

"ದಿರ್ಬಲಬ್ಬ, ಮೀಗರಿಗೆ ಮಿಸಿದೀರು ಮೇಕಂತೆ" ಎಂದರು.

ನಾನು ಕಾಫಿ ತಟ್ಟೆ ಕೆಳಗಿಟ್ಟೆ. "ಮಾವ, ನೆಗಡಿ ಬಂದ್ರೆ 'ಮ' ಹೋಗಿ 'ಬ' ಆಗುತ್ತೆ. 'ಬ' ಹೋಗಿ 'ಮ' ಆಗೋದಿಲ್ಲ."

ಮಾವನವರು ಟವೆಲ್ಲಿನ ಮೇಲಿಂದ ಅಪ್ಪಾಜಿಯ ಕಡೆ ನೋಡಿದರು.

"ನಾನು ಹೇಳ್ದೆ, ಅವಳು ಕನ್ನಡ ಮೇಡಂ, ಮಾತಾಡೋಕೆ ಹೋಗ್ಬೇಡಿ, ಸುಮ್ನೆ ಕೆಮ್ಮಿಬಿಡಿ ಅಂತ" ಎಂದರು ಅಪ್ಪಾಜಿ, ಒಂದೂ ಅನುನಾಸಿಕ ತಪ್ಪದೆ.

"ಯಾವಾಗ ವಾಸಿ ಆಯ್ತು?" ಎಂದು ಕೇಳಿದೆ. ಇಬ್ಬರೂ ಮೇಲೆ ಫ್ಯಾನು ನೋಡಿದರು. "ಯಾರದ್ದು ಮೊದಲು?" ಎಂದೂ ಕೇಳಿದೆ. ಆ ಗುಟ್ಟನ್ನು ಅವರು ಇಂದಿಗೂ ಬಿಟ್ಟುಕೊಟ್ಟಿಲ್ಲ.

"ಅವಸರ ಯಾಕೆ ಮಗಳೇ" ಎಂದರು ಅಪ್ಪಾಜಿ ಕೊನೆಗೆ. "ದೇಹ ತನ್ನ ಪಾಡಿಗೆ ತಾನು ಪೂರ್ತಿ ವಾಸಿ ಆಗ್ಲಿ. ನಾವು ಅಡ್ಡ ಹೋಗ್ಬಾರ್ದು." ಜೀವಮಾನವಿಡೀ ಸೀಟಿ ಊದಿದವರ ಬಾಯಲ್ಲಿ ಈ ಮಾತು ಕೇಳಿ ನಾನು ಗೋಡೆ ಹಿಡಿದುಕೊಂಡೆ. ಮಾವನವರು ಗಂಭೀರವಾಗಿ, "ಹೊರಡ್ತೀವಿ ಕಣಮ್ಮ. ಎಲ್ಲಕ್ಕೂ ಒಂದು ಟೈಮಿದೆ" ಎಂದರು.

ಆ ಟೈಮನ್ನು ನಿರ್ಧರಿಸಿದವರು ಬೇರೆಯವರು. ಮಾರನೆಯ ದಿನ ಬೆಳಿಗ್ಗೆ ಗೇಟಿನ ಸದ್ದಾಯಿತು. ನೋಡಿದರೆ ಅಮ್ಮ, ಅವರ ಹಿಂದೆ ಅತ್ತೆ. ಒಬ್ಬರು ತರೀಕೆರೆಯಿಂದ, ಒಬ್ಬರು ಅಜ್ಜಂಪುರದಿಂದ ಹೊರಟವರು ಬೀರೂರಿನ ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಕಂಡಿದ್ದಾರೆ. ಇಬ್ಬರ ಚೀಲದಲ್ಲೂ ಕಷಾಯದ ಪುಡಿ.

ವರಾಂಡದಲ್ಲಿ ಕವಡೆ ಹಾಕುತ್ತಿದ್ದ ಗಂಡಸರು ಕೈ ಎತ್ತಿದಲ್ಲೇ ಎತ್ತಿಕೊಂಡು ಕೂತರು. ಸೀನಲೂ ಮರೆತರು.

"ಚೆನ್ನಾಗಿದೆ ಕಾಯಿಲೆ" ಎಂದರು ಅತ್ತೆ.

"ಬಟ್ಟೆ ಕಟ್ಕೊಳ್ಳಿ" ಎಂದರು ಅಮ್ಮ.

ಬಟ್ಟೆ ಕಟ್ಟಿಕೊಂಡದ್ದೇನೋ ಹೌದು. ಆದರೆ ಅಪ್ಪಾಜಿ ತರೀಕೆರೆಗೆ ಹೋಗಲಿಲ್ಲ. ಈರುಳ್ಳಿ ಸುಗ್ಗಿ ಶುರುವಾಗಿದೆ, ಮಂಡಿ ನೋಡಲು ಬೀಗರು ಕರೆದಿದ್ದಾರೆ, ಇಲ್ಲ ಎಂದರೆ ಅವರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಅಮ್ಮನ ಮುಖ ನೋಡದೆ ಹೇಳಿದರು. ತಿಂಡಿ ತಿಂದು ಬೀಗರಿಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾದರು.

ಅಮ್ಮ ಅವರು ಹೋದ ದಿಕ್ಕನ್ನೇ ನೋಡುತ್ತಾ, "ನೋಡಿ ಬೀಗಿತ್ತಿ, ಮಗಳನ್ನ ಕೊಟ್ಟಿದ್ದಲ್ದೆ ಇವರನ್ನೂ ನಿಮ್ಮ ಮನೆಗೆ ಕಳಿಸಿಕೊಟ್ಟ ಹಾಗಾಯ್ತು" ಎಂದರು.

"ಇರ್ಲಿ ಬಿಡಿ, ನಮ್ಮ ಮನೇಲಿ ನೋಡ್ಕೊಳ್ಳೋಕೆ ಜನ ಇದಾರೆ" ಎಂದು ಅತ್ತೆ ಒಳಗೆ ಬಂದರು. ಗೃಹಪ್ರವೇಶದ ಗದ್ದಲದಲ್ಲಿ ಸರಿಯಾಗಿ ನೋಡಿರದ ಮನೆಯನ್ನು ಇಬ್ಬರೂ ಕೋಣೆ ಕೋಣೆಯಾಗಿ ನೋಡಿದರು. ನನ್ನ ಹುರಳಿ ಕಟ್ಟಿನ ಸಾರಿಗೆ ಅನ್ನ ಕಲಸಿ ಎರಡೆರಡು ಸಲ ಬಡಿಸಿಕೊಂಡು ಉಂಡರು. ಆಮೇಲೆ ಗಂಡಸರು ಖಾಲಿ ಮಾಡಿದ ಕೋಣೆಯಲ್ಲಿ ಎಲೆ ಅಡಿಕೆ ತಟ್ಟೆ ನಡುವೆ ಇಟ್ಟುಕೊಂಡು ಕೂತರು. ನಾನು ಬೀರೂರಿನ ಕಡೆಯ ಸಂಜೆ ಬಸ್ಸು ಎಷ್ಟು ಹೊತ್ತಿಗೆ ಎಂದು ಫೋನಿನಲ್ಲಿ ನೋಡುತ್ತಿದ್ದೆ.

ಅತ್ತೆ ಗಂಟಲು ಸವರಿಕೊಂಡರು. "ನಿರ್ಮಲಾ, ನಂಗೂ ಬೆಳಿಗ್ಗೆಯಿಂದ ಯಾಕೋ ಗಂಟಲು ಕೆರೀತಾ ಇದೆ ಕಣೇ."

ಅಮ್ಮ ತಮ್ಮ ಹಣೆಯನ್ನು ತಾವೇ ಮುಟ್ಟಿ ನೋಡಿಕೊಂಡರು. "ನಂಗೂ ಮೈ ಬೆಚ್ಚಗಿದ್ದ ಹಾಗಿದೆ. ಬಸ್ಸಿನ ಗಾಳಿ ಇರಬೇಕು."

ನಾನು ಇಬ್ಬರ ಮುಖವನ್ನೂ ನೋಡಿದೆ. ಫೋನು ಕೆಳಗಿಟ್ಟು, ಮಡಿಸಿಟ್ಟಿದ್ದ ಹಾಸಿಗೆಗಳನ್ನು ಮತ್ತೆ ಬಿಡಿಸಿ ಹಾಸಿದೆ.